ಇನ್ನೊಂದು ಸಲ ಮಾಡ್ತೀರಾ ಅಂದ ಮೇಲೆ

ನನ್ನ ಮೊದಲ ಸಾಕ್ಷ್ಯಚಿತ್ರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರದು. ಒಂದು ಮಧ್ಯಾಹ್ನ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದರು. ನಿಂತಿದ್ದ ಗಡಿಯಾರ ಟಿಕ್ ಅಂತು. ಅವರ ಮುಖದಲ್ಲಿ ಸಣ್ಣ ನಗು. ನನ್ನ ಫೋಕಸ್ ತಪ್ಪಿತ್ತು. "ಇನ್ನೊಂದು ಸಲ ಮಾಡ್ತೀರಾ?" ಅಂದೆ. ಪಾಪ, ಬಿಚ್ಚಿ ಮತ್ತೆ ಕೂರಿಸಿದರು. ಶಾಟ್ ಚೆನ್ನಾಗಿ ಬಂತು. ಆ ನಗು ಮಾತ್ರ ಬರಲಿಲ್ಲ.

ಎಡಿಟಿಂಗ್‌ನಲ್ಲಿ ಈ ಎರಡು ಶಾಟ್‌ಗಳ ನಡುವೆ ದಿನಗಟ್ಟಲೆ ಒದ್ದಾಡಿದೆ. ಹಳೆಯ ಸಾಕ್ಷ್ಯಚಿತ್ರಗಳನ್ನು ಮನಸ್ಸಿಟ್ಟು ನೋಡತೊಡಗಿದ್ದು ಆಗಲೇ. 1922ರ 'ನಾನೂಕ್ ಆಫ್ ದಿ ನಾರ್ತ್'ನಲ್ಲಿ ರಾಬರ್ಟ್ ಫ್ಲಾಹರ್ಟಿ ಹಿಮನಾಡಿನ ಒಂದು ಕುಟುಂಬದ, ಇಗ್ಲೂ ಅನ್ನುವ ಹಿಮದ ಮನೆಯೊಳಗಿನ ಬದುಕು ತೋರಿಸುತ್ತಾನೆ. ಅಂದಿನ ಕ್ಯಾಮೆರಾಕ್ಕೆ ಇಗ್ಲೂ ಒಳಗಿನ ಬೆಳಕು ಸಾಲದು. ಅದಕ್ಕೇ ಒಂದು ಬದಿ ತೆರೆದ ಇಗ್ಲೂ ಕಟ್ಟಿಸಿದ. ಪರದೆಯ ಮೇಲಿನ ಆ ಕುಟುಂಬ ಮಲಗಿದ್ದು ಬಯಲ ಚಳಿಯಲ್ಲೇ. ಅವನ ಕ್ಯಾಮೆರಾದ ಕಷ್ಟ ಅದು. ನನ್ನ ಕ್ಯಾಮೆರಾಕ್ಕೆ ಅಂಥ ಕಷ್ಟ ಇರಲಿಲ್ಲ ಅಲ್ವಾ?

1960ರ ಹೊತ್ತಿಗೆ ಹೆಗಲ ಮೇಲೆ ಹೊರುವ 16 ಎಂಎಂ ಕ್ಯಾಮೆರಾ, ಅದಕ್ಕೆ ಹೊಂದಿಕೊಂಡು ದನಿ ಹಿಡಿಯುವ ಟೇಪ್ ರೆಕಾರ್ಡರ್ ಬಂದವು. ಜನರ ಹಿಂದೆಯೇ ಹೋಗಿ ಚಿತ್ರಿಸಬಹುದಾಯಿತು. ಆದರೆ 400 ಅಡಿ ಫಿಲ್ಮ್ ಸುಮಾರು 11 ನಿಮಿಷಕ್ಕೆ ಮುಗಿಯುತ್ತಿತ್ತು. ಯಾವಾಗ ಗುಂಡಿ ಒತ್ತಬೇಕು ಅಂತ ಕಾಯಲೇಬೇಕು. ನನ್ನ ಕಾರ್ಡ್‌ನಲ್ಲಿ ಗಂಟೆಗಟ್ಟಲೆ ಜಾಗ. ಹಾಗಾಗಿ ಸುಮ್ನೆ ಒತ್ತಿಬಿಡುತ್ತಿದ್ದೆ, ನೋಡುತ್ತಿದ್ದದ್ದು ಕಡಿಮೆ.

ಮತ್ತೆ ಆ ಹಿರಿಯರನ್ನು ಚಿತ್ರಿಸಲು ಹೋದಾಗ ನನಗೆ ನಾನೇ ಕಟ್ಟು ಹಾಕಿಕೊಂಡೆ. ದಿನಕ್ಕೆ 11 ನಿಮಿಷದ ಮೂರೇ ಶಾಟ್. ಉಳಿದ ಹೊತ್ತು ಕ್ಯಾಮೆರಾ ಮಡಿಲಲ್ಲಿ, ಕಣ್ಣು ಅವರ ಕೈ ಮೇಲೆ. ಮೊದಲ ದಿನಗಳು ತುಂಬಾ ಕಷ್ಟವಾದವು, ಏನೋ ಕೈಜಾರುತ್ತಿದೆ ಅನ್ನುವ ಭಯ. ವಾರದೊಳಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ಪ್ರಿಂಗ್ ಎತ್ತುವ ಮುಂಚೆ ಅವರು ಹೆಬ್ಬೆರಳು, ತೋರುಬೆರಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಾರೆ. ಪ್ರತಿ ಸಲವೂ. ಅಂಗಿಯ ಆ ಅಂಚು ಕಪ್ಪಾಗಿತ್ತು. ಬೆರಳು ಅಂಗಿಗೆ ಹೋದ ಕೂಡಲೇ ನಾನು ಫೋಕಸ್ ಹಿಡಿದು ಸಿದ್ಧವಾಗುತ್ತಿದ್ದೆ.

1961ರಲ್ಲಿ ಬಂದ ತಮ್ಮ ಸಾಕ್ಷ್ಯಚಿತ್ರ 'ಕ್ರಾನಿಕಲ್ ಆಫ್ ಎ ಸಮ್ಮರ್'ನಲ್ಲಿ ಫ್ರಾನ್ಸ್‌ನ ಜಾನ್ ರೂಶ್ ಮತ್ತು ಎಡ್ಗರ್ ಮೊರಿನ್, ಅದರಲ್ಲಿ ಕಾಣಿಸಿಕೊಂಡವರಿಗೇ ತುಣುಕುಗಳನ್ನು ತೋರಿಸಿ, ಅವರ ಮಾತನ್ನೂ ಸೇರಿಸಿದ್ದರು. ಬಹಳ ದೊಡ್ಡ ಹೆಜ್ಜೆ ಅದು ಅಂತ ನನ್ನ ನಂಬಿಕೆ. ನಾನೂ ಹಿರಿಯರನ್ನು ಕೂರಿಸಿ ಆ ಮೊದಲ ಎರಡು ಶಾಟ್ ತೋರಿಸಿದೆ. ಚೊಕ್ಕವಾಗಿದ್ದುದನ್ನು ನೋಡಿ, "ಇದು ನಿಮಗೆ ಮಾಡಿ ತೋರಿಸಿದ್ದು" ಅಂದರು. ಮಸುಕಾಗಿದ್ದುದಕ್ಕೆ ಏನೂ ಹೇಳಲಿಲ್ಲ. ಟಿಕ್ ಕೇಳಿದಾಗ ಅದೇ ನಗು ಬಂತು.

ಚಿತ್ರದಲ್ಲಿ ಮಸುಕಾದ ಶಾಟೇ ಇದೆ.