"ತಲೆ ಕೆಟ್ಟೋಯ್ತು ಮೇಡಂ": ವೀಕ್ಷಣಾಲಯದ ಹುಡುಗರ ಜೊತೆ ನನ್ನ ಅನುಭವ

ಮೊದಲನೇ ಕ್ಲಾಸಲ್ಲೇ ನನ್ನ ಮಾನ ಹೋಯ್ತು. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಮಾಸ್ಟರ್ ಡಿಗ್ರಿ) ಮುಗಿಸಿ ಕಾಂಟ್ರಾಕ್ಟ್ ಮೇಲೆ ಬಾಲಕರ ವೀಕ್ಷಣಾಲಯ ಒಂದಕ್ಕೆ ಕೌನ್ಸೆಲರ್ ಆಗಿ ಸೇರಿದ್ದೆ. ಟ್ರೈನಿಂಗಲ್ಲಿ ಕೊಟ್ಟಿದ್ದ ಫೈಲೆಲ್ಲಾ ಜೋಡಿಸ್ಕೊಂಡು ಹೋಗಿ ಬೋರ್ಡ್ ಮೇಲೆ ದೊಡ್ಡದಾಗಿ "ಭಾವನಾತ್ಮಕ ಬುದ್ಧಿಮತ್ತೆ" (ಇಮೋಷನಲ್ ಇಂಟೆಲಿಜೆನ್ಸ್, ಅಂದ್ರೆ ನಮ್ಮ ಭಾವನೆ, ಎದುರಿನವ್ರ ಭಾವನೆ ಅರ್ಥ ಮಾಡ್ಕೊಳ್ಳೋದು) ಅಂತ ಬರೆದೆ. ಹಿಂದಿನ ಸಾಲಿಂದ ಒಬ್ಬ, "ಮೇಡಂ, ಇದು ಬುದ್ಧಿ ಹೇಳೋ ಕ್ಲಾಸಾ? ಅದನ್ನ ಸ್ಟೇಷನ್ನಲ್ಲೇ ಹೇಳಿ ಕಳ್ಸವ್ರೆ ಬುಡಿ" ಅಂದ. ಇಡೀ ರೂಮು ಗೊಳ್ ಅಂತು. ನಾನೂ ನಕ್ಕುಬಿಟ್ಟಿದ್ರೆ ಮುಗೀತಿತ್ತು. ನಗಲಿಲ್ಲ, ಕಿವಿ ಬಿಸಿ ಆಯ್ತು, "ಸೈಲೆನ್ಸ್!" ಅಂತ ಕಿರುಚಿದೆ. ಈ ಕಿವಿ ಬಿಸಿ ಆಗಿದ್ದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ವೀಕ್ಷಣಾಲಯ ಅಂದ್ರೆ ಏನು ಅಂತ ಗೊತ್ತಿಲ್ಲದವ್ರಿಗೆ ಒಂದೆರಡು ಮಾತು. ಜನ ಇನ್ನೂ ರಿಮ್ಯಾಂಡ್ ಹೋಮ್ ಅಂತಾರೆ, ಕೆಲವ್ರು ಮಕ್ಕಳ ಜೈಲು ಅಂತಾನೂ ಅಂತಾರೆ, ಜೈಲಲ್ಲ. 18 ವರ್ಷದೊಳಗಿನ ಹುಡುಗ ಒಂದು ಕೇಸಲ್ಲಿ ಸಿಕ್ಕಿದ್ರೆ 24 ಗಂಟೆ ಒಳಗೆ ಬಾಲ ನ್ಯಾಯ ಮಂಡಳಿ ಮುಂದೆ ತರ್ಬೇಕು. ಅಲ್ಲಿ ಒಬ್ರು ಮ್ಯಾಜಿಸ್ಟ್ರೇಟು, ಇಬ್ರು ಸಮಾಜ ಕಾರ್ಯಕರ್ತರು ಇರ್ತಾರೆ, ಆ ಇಬ್ಬರಲ್ಲಿ ಒಬ್ರಾದ್ರೂ ಹೆಂಗಸು ಇರ್ಲೇಬೇಕು. ವಿಚಾರಣೆ ನಡೆಯೋವಾಗ ಮನೆಗೆ ಕಳಿಸೋಕಾಗದ ಹುಡುಗರನ್ನ ನಮ್ಮ ಹತ್ರ ಇಡ್ತಾರೆ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಬೇಲ್ ಕೊಡೋದೇ ನಿಯಮ, ಕೊಡದೇ ಇರೋದಕ್ಕೇ ಕಾರಣ ಬರೀಬೇಕು. ಹಂಗಾಗಿ ಒಬ್ಬ ಹುಡುಗ ನಮ್ಮ ಹತ್ರ ಎಷ್ಟು ದಿನ ಇರ್ತಾನೆ ಅಂತ ಹೇಳೋಕಾಗಲ್ಲ, ಒಬ್ಬ ಐದು ದಿನ, ಒಬ್ಬ ಐದು ತಿಂಗಳು. ಹನ್ನೆರಡು ಸೆಷನ್ನಿನ ಮಾಡ್ಯೂಲ್ ಇಟ್ಕೊಂಡು ಹೋದ್ರೆ ಮೂರನೇ ಸೆಷನ್ನಿಗೆ ಅರ್ಧ ಜನ ಬೇರೆಯವ್ರು. ಇದು ಅರ್ಥ ಆಗೋಕೇ ನಂಗೆ ಆರು ತಿಂಗಳು ಬೇಕಾಯ್ತು. ಇವತ್ತಿನ ಮಾತು ಇವತ್ತೇ ಮುಗೀಬೇಕು, ನಾಳೆ ಅವನು ಇರ್ತಾನೋ ಇಲ್ವೋ.

ಇನ್ನೊಂದು, ಮಕ್ಕಳ ಗುರುತು ಹೊರಗೆ ಹಾಕಂಗಿಲ್ಲ, ಅದೇ ಕಾಯ್ದೆಯ ಸೆಕ್ಷನ್ 74, ಆರು ತಿಂಗಳವರೆಗೆ ಶಿಕ್ಷೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಅದಕ್ಕೇ ಇಲ್ಲಿ ಬರೋ ಹುಡುಗರು ಒಬ್ಬೊಬ್ರಲ್ಲ, ಮೂರ್ನಾಲ್ಕು ಜನರ ಕಥೆ ಸೇರಿಸಿ, ಊರು ವಯಸ್ಸು ಎಲ್ಲಾ ಬದಲಾಯಿಸಿ ಬರೀತಿದೀನಿ.

ಸರಿ, ಆ ಫೈಲಲ್ಲಿ ಒಂದು ಚಾರ್ಟ್ ಇತ್ತು. ಮುಖದ ಚಿತ್ರಗಳು, ಕೆಳಗೆ ಹತಾಶೆ, ಉದ್ವೇಗ, ಆತಂಕ, ಖಿನ್ನತೆ. ಟಿವಿ ನ್ಯೂಸಲ್ಲಿ ಬಿಟ್ರೆ ಈ ಪದಗಳನ್ನ ಯಾರು ಬಾಯಲ್ಲಿ ಆಡ್ತಾರೆ ಹೇಳಿ? "ಇವತ್ತು ನಿಮಗೆ ಹೇಗನ್ನಿಸ್ತಿದೆ, ಟಿಕ್ ಮಾಡಿ" ಅಂದೆ. ಒಬ್ಬ ಎಲ್ಲದಕ್ಕೂ ಟಿಕ್ ಹಾಕಿ ಕೊಟ್ಟ. ಯಾಕೋ ಅಂದ್ರೆ, "ಪಾಸಾಗ್ಲಿ ಅಂತ ಮೇಡಂ" ಅಂದ. ಪಾಪ, ಅವನ ತಪ್ಪೇನಿಲ್ಲ.

ಆಮೇಲೆ ನಾನು ಪಾಠ ಮಾಡೋದು ಬಿಟ್ಟು ಸುಮ್ನೆ ಅವರು ಮಾತಾಡೋದನ್ನ ಕೇಳಿಸ್ಕೊಳ್ಳೋಕೆ ಶುರು ಮಾಡ್ದೆ, ಊಟದ ಸಾಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಹತ್ರ, ಟಿವಿ ಮುಂದೆ. ಆಗ ಗೊತ್ತಾಗಿದ್ದು, ಇವರ ಹತ್ರ ಎಲ್ಲಾದಕ್ಕೂ ಇರೋದು ಒಂದೇ ಮಾತು. ಬೈಕ್ ಯಾಕೆ ಎತ್ತಿದೆ? ತಲೆ ಕೆಟ್ಟಿತ್ತು. ಸ್ಕೂಲ್ ಯಾಕೆ ಬಿಟ್ಟೆ? ತಲೆ ಕೆಟ್ಟೋಯ್ತು. ಅಮ್ಮ ನೋಡೋಕೆ ಬಂದಾಗ ಯಾಕೆ ಮಾತಾಡ್ಲಿಲ್ಲ? ತಲೆ ಕೆಟ್ಟೋಗುತ್ತೆ ಮೇಡಂ. ಈ ಭಾವನಾತ್ಮಕ ಬುದ್ಧಿಮತ್ತೆ ಅನ್ನೋದನ್ನ 1990ರಲ್ಲಿ ಪೀಟರ್ ಸಲೋವಿ, ಜಾನ್ ಮೇಯರ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ವಿವರಿಸಿ ಬರೆದಾಗ್ಲೂ ಮೊದಲು ಇಟ್ಟಿದ್ದು ಇದನ್ನೇ, ನನಗೆ ಏನಾಗ್ತಿದೆ, ಎದುರಿಗಿರೋನಿಗೆ ಏನಾಗ್ತಿದೆ ಅಂತ ಗುರುತು ಹಿಡಿಯೋದು. ಗುರುತು ಹಿಡಿಯೋಕೆ ಹೆಸರು ಬೇಕಲ್ವಾ? ನೆಗಡಿ, ಡೆಂಗ್ಯೂ, ಟೈಫಾಯಿಡ್ ಎಲ್ಲಕ್ಕೂ ಜ್ವರ ಜ್ವರ ಅಂತಿದ್ರೆ ಯಾವ ಡಾಕ್ಟರ್ ತಾನೇ ಏನು ಔಷಧಿ ಬರೀತಾರೆ?

ಒಂದಿನ ಏನೋ ಹೊಳೀತು. ಹಳೇ ನ್ಯೂಸ್ ಪೇಪರ್ ಅಂಟಿಸಿ ಆಳೆತ್ತರದ್ದು ಮಾಡಿ, ಒಬ್ಬನ್ನ ಅದರ ಮೇಲೆ ಮಲಗಿಸಿ, ಸುತ್ತ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದ್ವಿ. "ತಲೆ ಕೆಟ್ಟಾಗ ಮೈಯಲ್ಲಿ ಎಲ್ಲಿ ಏನಾಗುತ್ತೆ, ಅಲ್ಲಿ ಬರೀರಿ" ಅಂದೆ ಅಷ್ಟೇ. ಅರ್ಧ ಗಂಟೇಲಿ ಪೇಪರ್ ತುಂಬೋಯ್ತು. ಕಿವಿ ಬಿಸಿ. ಎದೆ ಡವಡವ. ಹೊಟ್ಟೆ ಉರಿ. ಗಂಟಲು ಕಟ್ಟೋದು. ಕೈ ಕಡಿಯೋದು. ಮಂಡಿ ಹತ್ರ ನಡುಕ. ಒಬ್ಬ ಎದೆ ಮೇಲೆ "ಕಲ್ಲು" ಅಂತ ಬರೆದು ಪಕ್ಕದಲ್ಲಿ ಬ್ರಾಕೆಟ್ಟಲ್ಲಿ "ರಾತ್ರಿ ಮಾತ್ರ" ಅಂತ ಬರೆದಿದ್ದ. ನಮ್ಮ ಭಾಷೇಲಿ ಭಾವನೆಗಳೆಲ್ಲಾ ಮೊದಲಿಂದ್ಲೂ ಮೈಯಲ್ಲೇ ಇದಾವೆ, ಹೊಟ್ಟೆಕಿಚ್ಚು ಅಂತೀವಿ, ಎದೆಗಾರಿಕೆ ಅಂತೀವಿ, ಕರುಳು ಚುರ್ ಅಂತು ಅಂತೀವಿ, ನಾನು ಸುಮ್ನೆ ಚಾರ್ಟ್ ಹಿಡ್ಕೊಂಡು ಒದ್ದಾಡ್ತಿದ್ದೆ. ಅವತ್ತಿಂದ ನನ್ನ ಕ್ರಮ ಇಷ್ಟೇ, ಮೊದಲು ಮೈಯಲ್ಲಿ ಎಲ್ಲಿ ಅಂತ ಕೇಳೋದು, ಆಮೇಲೆ ಅದಕ್ಕೆ ಹೆಸರು, ಹೆಸರನ್ನೂ ಅವನೇ ಇಡ್ಬೇಕು. ಹೆಸರು ಇಟ್ಟ ತಕ್ಷಣ ಸಿಟ್ಟು ಇಳಿದುಬಿಡುತ್ತೆ ಅಂತಲ್ಲ, ಆದ್ರೆ ಒಂಚೂರು ಸಡಿಲ ಆಗೋದನ್ನ ಕಣ್ಣಾರೆ ನೋಡಿದೀನಿ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದೂ ಇದನ್ನೇ, ಸಿಟ್ಟಿನ ಮುಖ ಹೆದರಿದ ಮುಖ ತೋರಿಸಿ ಅದು ಯಾವ ಭಾವನೆ ಅಂತ ಹೆಸರಿಸೋಕೆ ಹೇಳಿದಾಗ ಮೆದುಳಲ್ಲಿ ಹೆದರಿಕೆ, ಸಿಟ್ಟಿಗೆ ಎಚ್ಚೆತ್ಕೊಳ್ಳೋ ಅಮಿಗ್ಡಲಾ ಅನ್ನೋ ಭಾಗದ ಗಲಾಟೆ ಕಡಿಮೆ ಆಗುತ್ತೆ ಅಂತ.

ಈಗ ಕ್ಯಾರಂ ಬೋರ್ಡಿನ ಕಥೆ. ಒಬ್ಬ ಗ್ಯಾರೇಜ್ ಹುಡುಗ ಇದ್ದ, ಕೈ ಚೆನ್ನಾಗಿತ್ತು. ಅವತ್ತು ರೆಡ್ ಹಾಕ್ದ, ಫಾಲೋ ಮಿಸ್ ಆಯ್ತು. ರೂಲ್ಸ್ ಪ್ರಕಾರ ರೆಡ್ ವಾಪಸ್. ಎದುರಿಗಿದ್ದವನು ಬೈಲಿಲ್ಲ, ಏನೂ ಅನ್ಲಿಲ್ಲ, ರೆಡ್ ತೆಗೆದು ಮಧ್ಯದಲ್ಲಿಟ್ಟು, ಬೆರಳಲ್ಲಿ ಒಂದು ಸಲ ಬುಗುರಿ ಥರ ತಿರುಗಿಸಿ, ಪಕ್ಕದವನ ಮುಖ ನೋಡಿ ನಕ್ಕ. ಅಷ್ಟೇ. ಬೋರ್ಡು ಎಗರಿ ಬಿತ್ತು, ಎಲ್ಲರ ತಲೆ ಮೇಲೂ ಬೋರಿಕ್ ಪೌಡ್ರು, ಕಾಯಿನ್ನೆಲ್ಲಾ ಮಂಚದ ಕೆಳಗೆ. ಬಿಡಿಸಿ ಅವನನ್ನ ಜಗಲಿ ಮೇಲೆ ಕೂರಿಸ್ಕೊಂಡೆ. ಹತ್ತು ನಿಮಿಷ ಇಬ್ರೂ ಮಾತಾಡ್ಲಿಲ್ಲ.

"ತಲೆ ಕೆಟ್ಟೋಯ್ತು ಮೇಡಂ."

"ಎಲ್ಲಿ?"

"ಕಿವಿ. ಬಿಸಿ ಆಯ್ತು."

"ಅವನು ಹೊಡೆದ್ನಾ?"

"ಇಲ್ಲ."

"ಬೈದ್ನಾ?"

"ಇಲ್ಲ, ನಕ್ಕ." ಆಮೇಲೆ ಸುಮಾರು ಹೊತ್ತು ಬಿಟ್ಟು, "ಎಲ್ಲರ ಮುಂದೆ."

ನಂಗೆ ನನ್ನ ಮೊದಲನೇ ಕ್ಲಾಸು ನೆನಪಾಯ್ತು. ಅವನಿಗೂ ಹೇಳ್ದೆ, "ನಂಗೂ ನನ್ನ ಮೊದಲನೇ ಕ್ಲಾಸಲ್ಲಿ ಕಿವಿ ಬಿಸಿ ಆಯ್ತು ಕಣೋ, ಹುಡುಗರೆಲ್ಲಾ ನಕ್ಕಾಗ." ಅವನು ತಿರುಗಿ ನೋಡ್ದ. "ನಿಮಗೂ ಮರ್ವಾದೆ ಹೋಯ್ತಾ ಮೇಡಂ?" ಅಂದ. ಸಿಟ್ಟು ಅನ್ನೋ ಮಾತೇ ಅವನ ಬಾಯಲ್ಲಿ ಬರ್ಲಿಲ್ಲ ನೋಡಿ. ಇಷ್ಟು ವರ್ಷದಲ್ಲಿ ನಾನು ಕಂಡ್ಕೊಂಡಿರೋದು ಇದೊಂದೇ ಅಂದ್ರೂ ತಪ್ಪಿಲ್ಲ. ಈ ಹುಡುಗರ ಸಿಟ್ಟು ಮುಂದೆ ಎದೆ ಸೆಟೆದು ನಿಂತ್ಕೊಳ್ಳೋ ದೊಡ್ಡಣ್ಣ ಇದ್ದಂಗೆ, ಅವನ ಬೆನ್ನ ಹಿಂದೆ ಅವಮಾನ ಅನ್ನೋ ಸಣ್ಣ ಹುಡುಗ ಬಚ್ಚಿಟ್ಕೊಂಡಿರ್ತಾನೆ. ಬರೀ ಸಿಟ್ಟು ಕಂಟ್ರೋಲ್ ಮಾಡು, ಒಂದರಿಂದ ಹತ್ತು ಎಣಿಸು ಅಂತ ಹೇಳ್ಕೊಟ್ರೆ ಹತ್ತು ಎಣಿಸಿ ಆಮೇಲೆ ಹೊಡೀತಾರೆ.

ಹಾಫ್ ಮರ್ಡರ್ (ಕೊಲೆ ಯತ್ನ) ಕೇಸಲ್ಲಿ ಬಂದ ಒಬ್ಬನ ಜೊತೆ, ಅವನು ಹೊಡೆಯೋಕೆ ಮುಂಚಿನ ಹತ್ತು ನಿಮಿಷನ ರಿವೈಂಡ್ ಮಾಡ್ತಾ ಕೂತಿದ್ದೆ. ಇದು ನಾನು ಎಲ್ಲರ ಜೊತೆನೂ ಮಾಡೋದು, ಮಾಡಿದ್ದು ಸರಿನಾ ತಪ್ಪಾ ಅಂತ ಕೇಳಲ್ಲ, ಕೇಳಿದ್ರೆ "ತಪ್ಪು ಮೇಡಂ" ಅಂತಾರೆ, ಆ ಉತ್ತರ ಎಲ್ರಿಗೂ ಬಾಯಿಪಾಠ. ಕೈ ಎತ್ತೋಕೆ ಮುಂಚೆ ಏನಾಯ್ತು, ಅದಕ್ಕೂ ಮುಂಚೆ, ಅದಕ್ಕೂ ಮುಂಚೆ. ಬೇಕರಿ ಮುಂದೆ ನಿಂತಿದ್ರಂತೆ, ನಾಲ್ಕು ಜನ ಫ್ರೆಂಡ್ಸ್. ಇನ್ನೊಬ್ಬ ಬಂದು ಇವನಪ್ಪ ಬಾರ್ ಮುಂದೆ ಬಿದ್ದಿದ್ದ ವಿಡಿಯೋ ತೋರಿಸಿದ. ಫ್ರೆಂಡ್ಸ್ ನಕ್ರು. "ನಿನ್ನ ಫ್ರೆಂಡ್ಸ್ ಇಲ್ದೇ ಇದ್ದಿದ್ರೆ?" ಅಂದೆ. ತುಂಬಾ ಹೊತ್ತು ಯೋಚನೆ ಮಾಡ್ದ. "ಅತ್ಬುಡ್ತಿದ್ದೆ ಅನ್ಸುತ್ತೆ" ಅಂದ.

ಈ ಫ್ರೆಂಡ್ಸ್ ವಿಷಯ ನಾವು ದೊಡ್ಡವ್ರು ಮರೆತುಬಿಡ್ತೀವಿ. 2005ರಲ್ಲಿ ಮಾರ್ಗೋ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಕಾರ್ ಓಡಿಸೋ ವಿಡಿಯೋ ಗೇಮ್ ಆಡಿಸಿ ನೋಡಿದ್ರು, 13ರಿಂದ 16 ವರ್ಷದವ್ರು, ಕಾಲೇಜು ವಯಸ್ಸಿನವ್ರು, 24 ದಾಟಿದವ್ರು. ಜೊತೆಗಾರರು ಪಕ್ಕದಲ್ಲಿದ್ದಾಗ ಚಿಕ್ಕವ್ರು ತಗೊಳ್ಳೋ ರಿಸ್ಕ್ ಜೋರಾಗಿ ಏರ್ತು, ದೊಡ್ಡವರಲ್ಲಿ ಅಷ್ಟು ಫರಕ್ ಆಗ್ಲಿಲ್ಲ. ನಮ್ಮ ಹುಡುಗರ ಕೇಸು ನೋಡಿದ್ರೂ ಅಷ್ಟೇ, ಬೈಕ್ ಎತ್ತೋಕೆ ಒಬ್ಬೊಬ್ಬನೇ ಹೋದವ್ರು ಕಡಿಮೆ. ಅದಕ್ಕೇ ನಾನು ಒಂಟಿಯಾಗಿ ಕೂರಿಸಿ ಮಾತಾಡೋದಕ್ಕಿಂತ ಗುಂಪಲ್ಲಿ ಜಾಸ್ತಿ ಕೆಲಸ ಮಾಡ್ತೀನಿ. ರೂಮಲ್ಲಿ ನನ್ನ ಮುಂದೆ ಹಸು ಥರ ಇರೋನು ಗುಂಪಲ್ಲಿ ಬೇರೆನೇ. ಬೇಕರಿ ಸೀನನ್ನೇ ನಾಟಕ ಮಾಡಿಸ್ತೀವಿ, ನಗೋ ಪಾತ್ರ ಇವನಿಗೇ ಕೊಡ್ತೀನಿ, ವಿಡಿಯೋದಲ್ಲಿ ಬಿದ್ದಿರೋ ಅಪ್ಪನ ಪಾತ್ರಕ್ಕೂ ಒಬ್ಬ ಮಲಗ್ತಾನೆ. ನಗೋ ಪಾತ್ರ ಮಾಡಿದವ್ನು, "ಮೇಡಂ, ನಂಗೆ ನಗು ಬರ್ತಿರ್ಲಿಲ್ಲ, ಅವನು ನಕ್ಕ ಅಂತ ನಕ್ಕೆ" ಅಂತಾನೆ. ಇದನ್ನ ನಾನು ಹೇಳಿದ್ರೆ ಯಾರೂ ಕೇಳಲ್ಲ, ಅವನೇ ಹೇಳಿದ್ರೆ ರೂಮು ಸೈಲೆಂಟ್ ಆಗುತ್ತೆ.

ಎಲ್ಲಾ ಚೆನ್ನಾಗೇ ಹೋಗುತ್ತೆ ಅಂತಲ್ಲ. ನಂಗೆ ಇವತ್ತಿಗೂ ಚುಚ್ಚೋದು ಒಂದಿದೆ. 16 ದಾಟಿದವ್ನು ಕನಿಷ್ಠ ಏಳು ವರ್ಷ ಶಿಕ್ಷೆ ಇರೋ ಕೇಸಲ್ಲಿ ಬಂದ್ರೆ ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮಾಡ್ಬೇಕು, ಅವನಿಗೆ ಆ ಕೃತ್ಯ ಮಾಡೋ ಸಾಮರ್ಥ್ಯ ಇತ್ತಾ, ಪರಿಣಾಮ ಗೊತ್ತಿತ್ತಾ, ಯಾವ ಸಂದರ್ಭ ಅಂತ. ಅದರ ಮೇಲೆ ಅವನನ್ನ ದೊಡ್ಡವರ ಥರ ವಿಚಾರಣೆ ಮಾಡೋದಕ್ಕೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸ್ಬಹುದು. ಇದು ಸೂಕ್ಷ್ಮ ಕೆಲಸ, ಮನಶ್ಶಾಸ್ತ್ರ ಗೊತ್ತಿರೋರ ಸಹಾಯ ಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಈಗ ನನ್ನ ಸಂಕಟ ನೋಡಿ. ನಾನೇ ಎರಡು ತಿಂಗಳು ಕೂತು ಅವನಿಗೆ ಮಾತು ಕಲಿಸಿದೀನಿ, ಮೊದಲು ಅವಮಾನ ಆಯ್ತು, ಆಮೇಲೆ ಸಿಟ್ಟು ಬಂತು, ಹೊಡೆದ್ರೆ ಏನಾಗುತ್ತೆ ಅಂತಾನೂ ಗೊತ್ತಿತ್ತು ಅಂತ ಅವನು ನೀಟಾಗಿ ಹೇಳ್ತಾನೆ. ಕೇಳೋರಿಗೆ "ಎಷ್ಟು ಮೆಚ್ಯೂರ್ ಇದಾನೆ" ಅನ್ಸಲ್ವಾ? ಇವತ್ತು ಜಗಲಿ ಮೇಲೆ ತಣ್ಣಗೆ ಕೂತು ಹೇಳೋಕೆ ಬರೋದೇ ಬೇರೆ, ಅವತ್ತು ಎಲ್ಲರ ಮುಂದೆ ಸಿಟ್ಟು ತಡ್ಕೊಂಡು ನಿಲ್ಲೋಕೆ ಬರೋದೇ ಬೇರೆ. ಅದಕ್ಕೇ ನಾನು ಈಗ ಕೌನ್ಸೆಲಿಂಗ್ ನೋಟ್ಸ್ ಬೇರೆ, ರಿಪೋರ್ಟ್ ಬೇರೆ ಇಡ್ತೀನಿ, ಈ ಮಾತು ಅವನಿಗೆ ಬಂದಿದ್ದು ಯಾವಾಗ ಅಂತ ತಾರೀಕು ಸಮೇತ ಬರೀತೀನಿ. ಸಾಕಾಗುತ್ತಾ? ಪ್ರತಿ ಸಲ ಆಗಲ್ಲ.

ಸ್ಟಾಫ್ ಬಗ್ಗೆ ಒಂದ್ಮಾತು. ನಾವು ಹುಡುಗರಿಗೆ ಸಿಟ್ಟು ಬಗ್ಗೆ ಹೇಳ್ತಾ ಇರ್ತೀವಿ, ಅಷ್ಟರಲ್ಲಿ ಯಾರಾದ್ರೂ ಒಬ್ರು ಕಾರಿಡಾರಲ್ಲಿ "ಕಳ್ಳ ನನ್ ಮಗನೇ" ಅಂತ ಕೂಗ್ತಾರೆ, ಒಂದು ವಾರದ ಕೆಲಸ ಹೋಯ್ತು. ಆದ್ರೆ ನಮ್ಮಲ್ಲೊಬ್ರು ರಾತ್ರಿ ಪಾಳಿ ಗಾರ್ಡ್ ಇದಾರೆ, ಹೆಚ್ಚು ಓದಿದವ್ರಲ್ಲ. ಗಲಾಟೆ ಆದ್ರೆ ಓಡೋಗಲ್ಲ, ನಿಧಾನಕ್ಕೆ ಹೋಗಿ "ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತ ಆದ್ಮೇಲೆ ಬರಲ್ಲ ಕಣ್ರಪ್ಪಾ" ಅಂತ ಹೇಳಿ ಅಲ್ಲೇ ನೆಲದ ಮೇಲೆ ಕೂತ್ಬಿಡ್ತಾರೆ. ಅವರು ಕೂತಿದ್ದು ನೋಡಿ ಹುಡುಗರೂ ಕೂತ್ಕೋತಾರೆ. ಅದನ್ನ ನಾನು ಅವರಿಂದ ಕದ್ದೆ, ಈಗ ನಾನೂ ನಿಂತು ಮಾತಾಡಲ್ಲ.

ಮನೆಯವ್ರು ಬರೋ ದಿನ ಇನ್ನೂ ಕಷ್ಟ. ಅಮ್ಮಂದಿರು ಗಾರ್ಮೆಂಟ್ಸಿಗೆ ರಜಾ ಹಾಕಿ, ಆ ದಿನದ ಸಂಬಳ ಕಳ್ಕೊಂಡು ಬರ್ತಾರೆ, ಬಂದ್ಮೇಲೆ ಅಳೋದು ಬೈಯೋದು ಬಿಟ್ರೆ ಬೇರೆ ಮಾತೇ ಇಲ್ಲ. ಅವರಿಗೂ ಅವಮಾನನೇ ತಾನೇ, ಬೀದಿಯವ್ರೆಲ್ಲಾ ಕೇಳ್ತಾರೆ. ನಾನು ಮೊದಲ ಹತ್ತು ನಿಮಿಷ ಕೇಸಿನ ಮಾತು ಬೇಡ ಅಂತ ಕೇಳ್ಕೋತೀನಿ. ಮನೆ ನಾಯಿ, ತಂಗಿ ಪರೀಕ್ಷೆ, ಏನಾದ್ರೂ. ಒಬ್ರು ಅಮ್ಮ ಏನು ಮಾತಾಡ್ಬೇಕು ಅಂತ ಗೊತ್ತಾಗ್ದೇ ಮಗನ ಉಗುರು ಕಚ್ಚಿರೋದು ನೋಡಿ ಬ್ಯಾಗಿಂದ ನೇಲ್ ಕಟರ್ ತೆಗೆದು ಹತ್ತೂ ಬೆರಳು ಕತ್ತರಿಸಿ ಹೋದ್ರು, ಅವತ್ತು ರಾತ್ರಿ ಅವನು ಯಾರ ಜೊತೆನೂ ಜಗಳ ಆಡ್ಲಿಲ್ಲ.

ಹೊರಗೆ ಹೋದವ್ರೆಲ್ಲಾ ಸುಧಾರಿಸಿಬಿಟ್ರಾ ಅಂತ ಕೇಳ್ತಾರೆ. ಇಲ್ಲ. ಕೆಲವ್ರು ಐಟಿಐ ಸೇರಿದಾರೆ, ಕೆಲವ್ರು ಸಿಕ್ಕೇ ಇಲ್ಲ, ಕೆಲವ್ರು ವಾಪಸ್ ಬರ್ತಾರೆ. ಆ ಕ್ಯಾರಂ ಹುಡುಗ ಹೋದ ತಿಂಗಳು ಮತ್ತೆ ಬಂದ, ಇನ್ನೊಂದು ಬೈಕ್ ಕೇಸು. ನನ್ನ ನೋಡಿ ತಲೆ ತಗ್ಗಿಸ್ದ. "ಏನೋ, ತಲೆ ಕೆಟ್ಟೋಯ್ತಾ?" ಅಂದೆ. "ಇಲ್ಲ ಮೇಡಂ, ಕಿವಿ ಬಿಸಿ ಆಗಿದ್ದು ಗೊತ್ತಾಯ್ತು, ಗೊತ್ತಾಗೋಷ್ಟರಲ್ಲಿ ಸ್ಟಾರ್ಟ್ ಮಾಡ್ಬಿಟ್ಟಿದ್ದೆ."

ಈಗ ಇಬ್ರೂ ದಿನಾ ಸಂಜೆ ಜಗಲಿ ಮೇಲೆ ಕೂತು ಅದಕ್ಕೂ ಮುಂಚಿನದ್ದು ಹುಡುಕ್ತಿದೀವಿ. ಬೈಕ್ ಹತ್ರ ಅಲ್ಲ ಅಂದ, ಫ್ರೆಂಡ್ ಫೋನ್ ಮಾಡಿದಾಗ್ಲೂ ಅಲ್ಲ ಅಂದ. ನಿನ್ನೆ ತಾನಾಗೇ ಹೇಳ್ದ, "ಅಪ್ಪ ಬೈದ್ರು ಮೇಡಂ, ತಂಗಿ ಫ್ರೆಂಡ್ಸ್ ಎಲ್ಲಾ ಇದ್ರು. ಚಪ್ಪಲಿ ಹಾಕ್ಕೊಳ್ದೇ ಆಚೆ ಬಂದ್ಬುಟ್ಟೆ. ಅಲ್ಲಿಂದ್ಲೇ ಶುರು ಅನ್ಸುತ್ತೆ."