ಕೊಲೆ ಸ್ವೀಡನ್ನಿನಲ್ಲಿ, ಓದುಗರು ಮಂಡ್ಯದವರು

‘ಸ್ವೀಡನ್, ಜಪಾನ್ ಕೊಲೆ ಕಥೆ ಮೈಸೂರಿನವರು ಬಾಡಿಗೆಗೆ ಒಯ್ಯುತ್ತಾರಾ? ಸುಮ್ನೆ ದುಡ್ಡು ದಂಡ’ ಅಂದಿದ್ದರು ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿರುವ ಗೆಳೆಯರು. ಈಗ ಸರಸ್ವತಿಪುರಂನ ನನ್ನ ಅಂಗಡಿಗೆ ಬಂದು ‘ಯಾರಿಗೆ ಯಾವುದು ಕೊಡ್ತೀರಿ?’ ಅಂತ ಅವರೇ ಕೇಳುತ್ತಾರೆ.

ಮೊದಲ ವರ್ಷ ದುಡ್ಡು ಹೋಗಿದ್ದು ನಿಜ. ಒಂಬತ್ತು ಸಾವಿರದ ಹತ್ತಿರ ಹಾಕಿ ಪುಸ್ತಕ ತಂದೆ. ದೇಶವಾರು ಜೋಡಿಸಿದೆ, ಯಾರೂ ಮುಟ್ಟಲಿಲ್ಲ. ‘ಈ ವಾರದ ರೋಚಕ ಕಾದಂಬರಿ’ ಅಂತ ಬೋರ್ಡ್ ಬರೆದೆ. ಬೋರ್ಡ್ ಓದಿ ಹೋದರು. ವಾರದ ಬಾಡಿಗೆ 25 ರೂಪಾಯಿಯಿಂದ 15ಕ್ಕೆ ಇಳಿಸಿದೆ. ಆಗಲೂ ಧೂಳೇ. ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರೂ ‘ಹೆಸರೇ ಬಾಯಿಗೆ ಬರಲ್ಲ ಸಾರ್’ ಅಂದರು.

ಆಮೇಲೆ ದೇಶವಾರು ಜೋಡಿಸುವುದು ಬಿಟ್ಟೆ, ಓದುಗರ ಕೆಲಸ ಏನು ಅಂತ ನೋಡಿದೆ. ಮಂಡ್ಯದಿಂದ ಒಬ್ಬರು ಬರುತ್ತಾರೆ. ನೀರಾವರಿ ಇಲಾಖೆಯಲ್ಲಿದ್ದವರು, ವಿಶ್ವೇಶ್ವರಯ್ಯ ನಾಲೆಯ ಹೂಳು, ತೂಬು ಎಲ್ಲ ನೋಡಿಕೊಂಡವರು. ಅವರಿಗೆ ಶೊವಾಲ್–ವಾಲೂ ಜೋಡಿಯ ‘ರೋಸಾನ್ನಾ’ (1965) ಕೊಟ್ಟೆ. ಸ್ವೀಡನ್ನಿನ ಯೋಟಾ ಕಾಲುವೆಯಲ್ಲಿ ಹೂಳೆತ್ತುವಾಗ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಅವಳು ಯಾರು ಅಂತ ತಿಳಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ನಮ್ಮ ನಾಲೆಯವರು ನಾಲ್ಕೇ ದಿನಕ್ಕೆ ಓದಿ ಮುಗಿಸಿ ಬಂದರು. ಆ ಸರಣಿಯ ಹತ್ತೂ ಬೇಕು ಅಂದರು! ಏಳು ಹುಡುಕಿ ಕೊಟ್ಟಿದ್ದೇನೆ.

ರೈಲ್ವೆಯಲ್ಲಿ ನಿವೃತ್ತರಾದವರಿಗೆ ಸೈಚೊ ಮತ್ಸುಮೊತೊ ಬರೆದ ‘ಪಾಯಿಂಟ್ಸ್ ಅಂಡ್ ಲೈನ್ಸ್’ ಕೊಡಿ. ಕಥೆಯಲ್ಲಿ ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರಂನಿಂದ, ನಡುವೆ ರೈಲು ಅಡ್ಡ ಇಲ್ಲದೆ, 15ನೇದು ಕಾಣುವುದು ಸಂಜೆ ನಾಲ್ಕೇ ನಿಮಿಷ. ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ನನ್ನ ಪ್ರತಿಯಲ್ಲಿ ಓದಿದವರು ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ರೈಲಿನ ಸಮಯ ಬರೆದಿದ್ದಾರೆ. ನಾನು ಅಳಿಸಿಲ್ಲ. ಜೊತೆಗೆ ಜಪಾನಿನ ಮ್ಯಾಪ್ ಜೆರಾಕ್ಸ್ ಮಾಡಿಸಿ ಇಟ್ಟು ನೋಡಿದೆ. ಪುಸ್ತಕ ವಾಪಸ್ ಬಂತು, ಮ್ಯಾಪ್ ಬರಲಿಲ್ಲ. ನಾಲ್ಕೈದು ಸಲ ಹಾಗೇ ಆದ ಮೇಲೆ ಬಿಟ್ಟೆ.

ಗಣಿತದ ಮೇಷ್ಟ್ರುಗಳಿಗೆ ಕೈಗೊ ಹಿಗಾಶಿನೊನ ‘ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್’ (2005). ಕೊಂದವರು ಯಾರು ಅಂತ ಶುರುವಿನಲ್ಲೇ ಗೊತ್ತು. ಅದನ್ನು ಮುಚ್ಚುವ ಲೆಕ್ಕ ಒಬ್ಬ ಗಣಿತದ ಮೇಷ್ಟ್ರದೇ. ಪಾಸ್‌ಪೋರ್ಟ್ ಕೆಲಸ ಮಾಡಿಸುವ ಏಜೆಂಟರಿಗೆ ಫ್ರೆಡರಿಕ್ ಫೋರ್ಸಿತ್‌ನ ‘ದ ಡೇ ಆಫ್ ದ ಜಾಕಲ್’ (1971). ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು ಕೊಲ್ಲಲು ಹೊರಟವನು ಸುಳ್ಳು ಪಾಸ್‌ಪೋರ್ಟ್ ಮಾಡಿಸಿಕೊಳ್ಳುತ್ತಾನೆ. ಡಿ ಗಾಲ್ ಕೊಲೆಯಾಗಲಿಲ್ಲ ಅಂತ ಲೋಕಕ್ಕೇ ಗೊತ್ತು. ಆದರೂ ಕೆಳಗಿಡಲು ಆಗುವುದಿಲ್ಲ. ನನ್ನ ಪ್ರಕಾರ ಥ್ರಿಲ್ಲರ್ ಅಂದರೆ ಅದೇ.

ಡಾಕ್ಟರಿಗೆ ಆಸ್ಪತ್ರೆಯ ಥ್ರಿಲ್ಲರ್ ಮಾತ್ರ ಕೊಡಬೇಡಿ. ಎರಡನೇ ಅಧ್ಯಾಯಕ್ಕೇ ತಪ್ಪು ಹುಡುಕಿ ವಾಪಸ್ ತರುತ್ತಾರೆ.

ಪಾತ್ರಗಳ ಹೆಸರನ್ನು ಕನ್ನಡದಲ್ಲಿ ಬರೆದು ಮೊದಲ ಪುಟಕ್ಕೆ ಚೀಟಿ ಅಂಟಿಸಿ. ‘ಹೆಸರು ಬಾಯಿಗೆ ಬರಲ್ಲ’ ಅನ್ನುವುದು ಅಲ್ಲಿಗೆ ನಿಂತಿತು. ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆಯುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಬಾಡಿಗೆಯನ್ನು ಮತ್ತೆ 25 ಮಾಡಿದ್ದೇನೆ. ಈ ಕಪಾಟೊಂದರಿಂದಲೇ ತಿಂಗಳಿಗೆ ಎರಡು ಸಾವಿರದ ಹತ್ತಿರ ಬರುತ್ತದೆ. ಜಪಾನಿನ ಪುಸ್ತಕಗಳಿಗೆ ಡಿಪಾಸಿಟ್ ಮಾತ್ರ ಜಾಸ್ತಿ ಇಡಿ, ಮುನ್ನೂರಾದರೂ ಇರಲಿ. ಮನೆಯವರೆಲ್ಲ ಓದಿ ಮುಗಿಸುವ ತನಕ ಅವು ವಾಪಸ್ ಬರುವುದಿಲ್ಲ.