ನೀರು ಎಲ್ಲಿಂದ ಬಂತು?

ಮನೆ ಕೊಳ್ಳುವಾಗ ನಾನು ವಿಚಾರಿಸಿದ್ದು ಒಂದೇ: ಹೊಳೆ ಎಷ್ಟು ದೂರ? ಎರಡು ಕಿಲೋಮೀಟರ್ ಅಂದರು. ಅಷ್ಟು ಸಾಕಲ್ವಾ ಅನ್ನಿಸಿತು. ಆರು ವರ್ಷದ ಮೇಲೆ ಒಂದು ರಾತ್ರಿ ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು. ಎದ್ದು ಲೈಟ್ ಹಾಕಿದೆ. ಕೆಳಗೆ ಹೋಗಬೇಕಾದ ನೀರು ಮೇಲೆ ಬರುತ್ತಿತ್ತು, ಕಪ್ಪಗೆ, ಗಬ್ಬು ನಾರುತ್ತಾ. ಮುಂಬಾಗಿಲ ಹೊಸ್ತಿಲು ಆಗ ಇನ್ನೂ ಒಣಗೇ ಇತ್ತು. ಬೆಳಗಾಗುವಷ್ಟರಲ್ಲಿ ರಸ್ತೆ ನೀರೂ ಸೇರಿ ಹಾಲ್‌ನಲ್ಲಿ ಮೊಣಕಾಲುದ್ದ ನಿಂತಿತ್ತು. ಹೊಳೆ ಮಾತ್ರ ತನ್ನ ಪಾಡಿಗೆ ದಡದೊಳಗೇ ಹರಿಯುತ್ತಿತ್ತು.

ಇನ್ಶೂರೆನ್ಸ್ ಇತ್ತು. ಸಾಲ ಕೊಟ್ಟವರೇ ಮಾಡಿಸಿದ್ದು. ಒಂದು ದಿನವೂ ನಾನದನ್ನು ಬಿಡಿಸಿ ಓದಿರಲಿಲ್ಲ. ಓದಿದಾಗ ತಿಳಿಯಿತು, ಅದು ಕಟ್ಟಡಕ್ಕೆ ಮಾತ್ರ. ಫ್ರಿಜ್, ಬೀರು, ಹಾಸಿಗೆ ಯಾವುದೂ ಲೆಕ್ಕಕ್ಕಿಲ್ಲ. ಸರಿ, ಗೋಡೆ ನೆಲಕ್ಕಾದರೂ ಸಿಗಲಿ ಅಂತ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ನೀರು ಎಲ್ಲಿಂದ ಬಂತು ಸಾರ್?"

ಹೊರಗಿಂದ ನುಗ್ಗಿತೋ, ಪೈಪಿನಿಂದ ಉಕ್ಕಿತೋ, ಗೋಡೆಯಲ್ಲಿ ಜಿನುಗಿತೋ? ನನಗೆ ಮೂರೂ ಒಂದೇ ಕೊಳಕು ನೀರು. ಪಾಲಿಸಿಗೆ ಮೂರೂ ಬೇರೆ. ನೆರೆ ನೀರಿಗೆ ಪರಿಹಾರ ಕೊಡುವ ಪಾಲಿಸಿ, ನಿಧಾನಕ್ಕೆ ಜಿನುಗಿದ ನೀರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಚರಂಡಿ ಹಿಮ್ಮುಖ ಉಕ್ಕಿದ್ದಕ್ಕೆ ಕೆಲವು ಕಡೆ ಬೇರೆ ದುಡ್ಡು ಕಟ್ಟಿ ಸೇರಿಸಿಕೊಂಡಿರಬೇಕು. ಸಾಕ್ಷಿ ತೋರಿಸೋಣ ಅಂದರೆ ನಷ್ಟ ಎಷ್ಟೆಂದು ನೋಡುವ ಇನ್ಶೂರೆನ್ಸ್ ಸರ್ವೇಯರ್ ಬರುವ ಮೊದಲೇ ನಾವು ಮನೆಯೆಲ್ಲ ತೊಳೆದು, ಹಾಸಿಗೆ ಎಸೆದು, ಗೋಡೆ ಕೂಡ ಒರೆಸಿ ಕೂತಿದ್ದೆವು. ಅಷ್ಟು ಶ್ರದ್ಧೆಯಿಂದ ಮನೆ ತೊಳೆದದ್ದು ಹಬ್ಬಕ್ಕೂ ಇಲ್ಲ. ಸಿಕ್ಕ ಹಣ ಬಣ್ಣ ಹೊಡೆಸಲು ಸರಿಹೋಯಿತು.

ಪಕ್ಕದ ಮನೆಯ ಹಿರಿಯರು ಸಮಾಧಾನ ಹೇಳಿದರು. "ಇದು ನೂರು ವರ್ಷಕ್ಕೊಮ್ಮೆ ಬರೋ ಮಳೆಯಂತೆ. ಬಂದಾಯ್ತಲ್ಲ, ಇನ್ನೇನು ಭಯ ಬಿಡಿ." ಕೇಳೋಕೆ ಚೆನ್ನಾಗಿತ್ತು. ಆದರೆ ಆ ಮಾತಿನ ಅರ್ಥ ಅದಲ್ಲ. ನೂರು ವರ್ಷದ ನೆರೆ ಅಂದರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ 100ಕ್ಕೆ 1. ಈ ವರ್ಷ ಬಂದರೂ ಮುಂದಿನ ವರ್ಷಕ್ಕೆ ಮತ್ತೆ ಅದೇ 100ಕ್ಕೆ 1. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26 ಶೇಕಡಾ. ನಾಲ್ಕರಲ್ಲಿ ಒಂದು! ಅದೂ ನಕ್ಷೆಯ ಲೆಕ್ಕ. ಸರ್ಕಾರಿ ನೆರೆ ನಕ್ಷೆಗಳಲ್ಲಿ ಎಷ್ಟೋ ಸಲ ಹೊಳೆ ಉಕ್ಕುವುದನ್ನು ಮಾತ್ರ ತೋರಿಸಿರುತ್ತಾರೆ. ನನ್ನ ಬಚ್ಚಲು ಯಾವ ನಕ್ಷೆಯಲ್ಲೂ ಇರಲಿಲ್ಲ.

ಹಾಗಾಗಿ ನೀರಿನ ದಾರಿಯನ್ನು ನಾನೇ ಹುಡುಕಿದೆ. ಮೊದಲು ಲೆವೆಲ್ ನೋಡಿದ್ದು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು ಇದೆಯಲ್ಲ, ಅದರಲ್ಲಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿ, ಒಂದು ತುದಿ ಹೊಸ್ತಿಲ ಬಳಿ, ಇನ್ನೊಂದು ರಸ್ತೆ ಮಧ್ಯೆ ಹಿಡಿದೆವು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಟೇಪ್ ಹಿಡಿದು ಅಳೆದರೆ ಆಯಿತು. ನನ್ನ ಹೊಸ್ತಿಲು ರಸ್ತೆಗಿಂತ 11 ಸೆಂಟಿಮೀಟರ್ ಕೆಳಗಿತ್ತು. ಮನೆ ಕಟ್ಟಿದಾಗ ಖಂಡಿತ ಮೇಲಿದ್ದಿರಬೇಕು. ಹಳೇ ಟಾರು ಕೆರೆದು ತೆಗೆಯದೆ ಅದರ ಮೇಲೇ ಹೊಸ ಟಾರು ಹಾಕುತ್ತಾ ಹೋದರೆ ರಸ್ತೆ ಏರುತ್ತದೆ. ಮನೆ ಇದ್ದಲ್ಲೇ ಇರುತ್ತದೆ.

ಆಮೇಲೆ ಜೋರು ಮಳೆ ಬಂದ ಒಂದು ದಿನ ಕೊಡೆ ಹಿಡಿದು ಚರಂಡಿ ಜೊತೆ ಮೇಲಕ್ಕೆ ನಡೆದೆ. ಮೂರು ಬೀದಿಯ ಚರಂಡಿ ನಮ್ಮ ಮನೆಯ ಹತ್ತಿರ ಒಂದೇ ಪೈಪಿಗೆ ಸೇರುತ್ತಿತ್ತು. ಆ ಪೈಪು ಬರುವ ಚರಂಡಿಗಿಂತ ಸಣ್ಣದು. ಮೇಲಿನ ಖಾಲಿ ಜಾಗಕ್ಕೆಲ್ಲ ಕಾಂಕ್ರೀಟ್ ಬಿದ್ದಿತ್ತು. ಲೆಕ್ಕ ಸುಲಭ: 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್. ಒಂದು ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಸುರಿದರೆ 5 ಲಕ್ಷ ಲೀಟರ್. ಮಣ್ಣಿದ್ದರೆ ಸ್ವಲ್ಪವಾದರೂ ಕುಡಿಯುತ್ತಿತ್ತು. ಈಗ ಹೆಚ್ಚುಕಡಿಮೆ ಅಷ್ಟೂ ಇಳಿದು ಬರುತ್ತದೆ.

ಬೀದಿಯ ಹಳಬರನ್ನೂ ಕೇಳಿದೆ. ಒಬ್ಬ ಅಜ್ಜಿ ತಮ್ಮ ಮನೆಯ ಗೋಡೆಗೆ ಕೈಯಿಟ್ಟು, "ಇಲ್ಲೀತನಕ ಬಂದಿತ್ತಪ್ಪ, ನಿಮ್ಮನೆ ಜಾಗದಲ್ಲಿ ಆಗ ಹಳ್ಳ ಇತ್ತು" ಅಂದರು. ಮನೆ ಮಾರಿದವರು ನನಗಿದನ್ನು ಹೇಳಿರಲಿಲ್ಲ. ಕೇಳಿದ್ದರೆ ತಾನೆ ಹೇಳೋದು!

ರಿಪೇರಿ ಜಾಸ್ತಿ ಏನೂ ಮಾಡಿಸಲಿಲ್ಲ. ಹೊರಗೆ ಹೋಗುವ ಪೈಪಿಗೆ, ನೀರನ್ನು ಹೊರಕ್ಕೆ ಬಿಟ್ಟು ವಾಪಸ್ ಬರಲು ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ, ಕೆಳಗಿದ್ದ ಪ್ಲಗ್ ಪಾಯಿಂಟುಗಳನ್ನು ಎದೆ ಮಟ್ಟಕ್ಕೆ ಏರಿಸಿದೆ, ಬಾಗಿಲಿಗೆ ಅಡ್ಡಹಲಗೆ ಮಾಡಿಸಿದೆ. ವಾಲ್ವನ್ನು ಆಗಾಗ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಕಸ ಸಿಕ್ಕಿ ಮುಚ್ಚಿಕೊಳ್ಳುವುದೇ ಇಲ್ಲ.

ಇದೆಲ್ಲ ಮಾಡಿದ ಮೇಲೆ ಹೊಸ ಪಾಲಿಸಿ ಓದಲು ಕೂತೆ. ಈ ಸಲ ಓದುವುದು ಸುಲಭವಾಯಿತು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ನನ್ನ ನೀರು ಬರುವ ದಾರಿ ಇದರೊಳಗೆ ಇದೆಯಾ? ಊರೂರಿಗೆ ನಿಯಮ ಬೇರೆ. ಅಮೆರಿಕದಲ್ಲಿ ಮಾಮೂಲಿ ಮನೆ ವಿಮೆಗೆ ನೆರೆ ಸೇರುವುದಿಲ್ಲ. ಅದಕ್ಕೆ 1968ರಿಂದ ಸರ್ಕಾರದ್ದೇ ಬೇರೆ ಯೋಜನೆ ಇದೆ, ಕೊಂಡ ಮೇಲೂ ಸಾಮಾನ್ಯವಾಗಿ 30 ದಿನ ಕಾಯಬೇಕು. ಭಾರತದಲ್ಲಿ 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಒಳಗೇ ಇದೆ. ಎಲ್ಲಿದ್ದರೂ ಮೋಡ ಕಟ್ಟಿದ ಮೇಲೆ ಏಜೆಂಟರಿಗೆ ಫೋನ್ ಮಾಡಿದರೆ ಪ್ರಯೋಜನ ಕಡಿಮೆ.

ವಿಮೆಯ ಮೊತ್ತದಲ್ಲೂ ಮೊದಲು ಎಡವಿದ್ದೆ. ಮನೆ ಕೊಂಡ ಬೆಲೆ ಬರೆದಿದ್ದೆ. ಅದರಲ್ಲಿ ನಿವೇಶನದ ಬೆಲೆಯೂ ಸೇರಿರುತ್ತದೆ, ನೆರೆ ನಿವೇಶನವನ್ನು ಹೊತ್ತುಕೊಂಡು ಹೋಗುವುದಿಲ್ಲ. ಬೇಕಾದ್ದು ಇವತ್ತು ಅದೇ ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ಖರ್ಚು. ಪ್ರೀಮಿಯಂ ಉಳಿಸೋಣ ಅಂತ ಅದನ್ನೂ ಅರ್ಧಕ್ಕೆ ಇಳಿಸಿದರೆ, ಎಷ್ಟೋ ಪಾಲಿಸಿಗಳಲ್ಲಿ ಸಣ್ಣ ನಷ್ಟಕ್ಕೂ ಅರ್ಧವೇ ಕೊಡುತ್ತಾರೆ. ಸಾಮಾನಿಗೆ ಬೇರೆ ಮೊತ್ತ ಸೇರಿಸಿದೆ. ಹಿಂದೆ ನೀರು ನುಗ್ಗಿದ್ದನ್ನು ಅರ್ಜಿಯಲ್ಲಿ ಬರೆದೆ. ಪ್ರೀಮಿಯಂ ಸ್ವಲ್ಪ ಏರಿತು, ಏರಲಿ. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಹೊರಬಿದ್ದರೆ ಅದನ್ನೇ ಹಿಡಿದು ಇಲ್ಲ ಅನ್ನಬಹುದು.

ನಾಲ್ಕು ವರ್ಷದ ಮೇಲೆ ಮತ್ತೆ ನೀರು ಬಂತು. ವಾಲ್ವ್ ಕೆಲಸ ಮಾಡಿತು, ಬಚ್ಚಲು ಸುಮ್ನೆ ಇತ್ತು. ಆದರೆ ರಸ್ತೆ ನೀರು ಹಲಗೆ ದಾಟಿತು. ಇಳಿದ ತಕ್ಷಣ ಪೊರಕೆ ಮುಟ್ಟಲಿಲ್ಲ. ಗೋಡೆಯ ಮೇಲಿನ ಕೆಸರಿನ ಗೆರೆಗೆ ಟೇಪ್ ಹಿಡಿದು ಫೋಟೋ: 23 ಸೆಂಟಿಮೀಟರ್. ವಾಷಿಂಗ್ ಮೆಷಿನ್ನಿನ ಸೀರಿಯಲ್ ನಂಬರು ಕಾಣುವ ಹಾಗೆ ಇನ್ನೊಂದು. ಕಂಪನಿಗೆ ಅದೇ ದಿನ ತಿಳಿಸಿದೆ. ನೆಂದ ಸೋಫಾ ಮೂರು ದಿನ ವರಾಂಡದಲ್ಲಿ ನಾರುತ್ತಿತ್ತು, ಸರ್ವೇಯರ್ ನೋಡಿದ ಮೇಲೇ ಎಸೆದದ್ದು. ಮತ್ತೆ ಅದೇ ಪ್ರಶ್ನೆ ಬಂತು. ಹೊಸ್ತಿಲು, ರಸ್ತೆ, ಲೆವೆಲ್ ಅಳತೆ ಎಲ್ಲ ಬರೆದಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟೆ.

ಈಗ ಪಾಲಿಸಿ ನವೀಕರಿಸುವ ಮೊದಲು ಪ್ರತಿ ವರ್ಷ ಚರಂಡಿ ಜೊತೆ ಒಂದು ಸುತ್ತು ನಡೆಯುತ್ತೇನೆ. ಈ ಸಲ ಬೀದಿಯ ಕೆಳತುದಿಯಲ್ಲಿ ಹೊಸ ಕಾಂಪೌಂಡ್ ಎದ್ದಿದೆ. ನೀರು ಮೊದಲು ಅದೇ ಜಾಗದಿಂದ ದಾಟಿ ಹೋಗುತ್ತಿತ್ತು. ಲೆವೆಲ್ ಪೈಪು ಮತ್ತೆ ಕೆಳಗಿಳಿಸಿದ್ದೇನೆ.